ಬೀಜ ಹೊರಗೇ ಇರಲಿ, ಮಗಳೇ

ಮೆಣಸಿನ ಬೀಜವನ್ನು ಕಾಗದದ ಲೋಟಗಳಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೀಯಂತೆ. ರಾತ್ರಿ ಹೊರಗೆ ಚಳಿ, ಮೊಳಕೆ ಸತ್ತುಹೋದೀತು ಎಂದು ಹೆದರಿಕೆಯಂತೆ. ನಿನ್ನ ಅತ್ತೆ ಫೋನಿನಲ್ಲಿ ಹೇಳಿದರು. ಮಗಳೇ, ಇವತ್ತೇ ಅವನ್ನು ಹೊರಗೆ ತಂದಿಡು. ನಿಮ್ಮ ಗುತ್ತಿಗಾರಿನ ಬೆಳಗಿನ ಜಾವಕ್ಕೆ ಕಂಬಳಿ ಬೇಕು ನಿಜ. ಆದರೆ ಅದು ನಮಗೆ ಬೇಕು, ಬೀಜಕ್ಕೆ ಬೇಡ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕಿನ ಚಳಿ ಬೀಜವನ್ನು ಕೊಲ್ಲುವುದಿಲ್ಲ, ಸ್ವಲ್ಪ ತಡ ಮಾಡಿಸುತ್ತದೆ ಅಷ್ಟೆ. ಇಲ್ಲಿ ಎಳೆ ಸಸಿಯನ್ನು ಕೊಲ್ಲುವುದು ಸಂಜೆ ಹೊಯ್ದ ನೀರು, ಮಧ್ಯಾಹ್ನದ ಒಣಗಾಳಿ, ಮತ್ತೆ ನಾವು ಮಾಡುವ ತಡ.

ನೀನು ನೋಡಿದ ವೀಡಿಯೊದಲ್ಲಿ ಹಿಮದ ಮೇಲೆ ಹಾಲಿನ ಕ್ಯಾನುಗಳನ್ನು ಇಟ್ಟದ್ದು ಉಂಟಲ್ಲ, ಅದು ಒಳ್ಳೆಯ ವಿದ್ಯೆಯೇ. ಅಮೆರಿಕದ ಚಳಿಪ್ರದೇಶದವರು ಬೆಳಕು ಹಾಯುವ ಪ್ಲಾಸ್ಟಿಕ್ ಕ್ಯಾನನ್ನು ನಡುವಿಗೆ ಕೊಯ್ದು, ಅಡಿಗೆ ತೂತು ಮಾಡಿ, ಮಣ್ಣು ತುಂಬಿ ಬೀಜ ಹಾಕುತ್ತಾರೆ. ಮತ್ತೆ ಮುಚ್ಚಿ, ಬಾಯಿಯ ಬಿರಡೆ ಮಾತ್ರ ತೆಗೆದು, ಜನವರಿಯ ಹಿಮದಲ್ಲೇ ಬಿಟ್ಟುಬಿಡುತ್ತಾರೆ. ಅಲ್ಲಿಯ ಎಷ್ಟೋ ಹೂಗಿಡಗಳ ಬೀಜಕ್ಕೆ ವಾರಗಟ್ಟಲೆ ತಂಪು, ತೇವ ಎರಡೂ ಸಿಕ್ಕದೆ ಎಚ್ಚರವಾಗುವುದಿಲ್ಲ. ಹಿಮವೇ ಆ ಕೆಲಸ ಮಾಡಿಕೊಡುತ್ತದೆ, ವಸಂತ ಬಂದಾಗ ಅವು ತಾವಾಗಿ ಏಳುತ್ತವೆ. ನಮ್ಮ ಬದನೆ, ಮೆಣಸು, ಬೆಂಡೆ, ಅಲಸಂಡೆ ಬಿಸಿಲುನಾಡಿನ ಜಾತಿಗಳು. ಅವಕ್ಕೆ ಆ ನಿದ್ದೆಯೂ ಇಲ್ಲ, ಆ ಎಬ್ಬಿಸುವಿಕೆಯೂ ಬೇಡ. ಅವನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಕೊಳೆತೇ ಹೋಗುತ್ತವೆ. ಒಣಗಿದ ಬೀಜವನ್ನು ಮುಚ್ಚಳ ಬಿಗಿಯಿರುವ ಕುಪ್ಪಿಯಲ್ಲಿ ಹಾಕಿ ಮಳೆಗಾಲ ಕಳೆಯಲು ಫ್ರಿಜ್ಜಿನಲ್ಲಿ ಇಡುವುದು ಬೇರೆ ಮಾತು, ಅದನ್ನು ಅಗತ್ಯ ಮಾಡು. ಅವರಿಂದ ನಾವು ತೆಗೆದುಕೊಳ್ಳಬೇಕಾದ್ದು ಇಷ್ಟೇ: ಬೀಜ ಪಾತ್ರೆಯಲ್ಲಿರಲಿ, ಪಾತ್ರೆ ಮೊದಲ ದಿನದಿಂದಲೇ ಆಕಾಶದ ಕೆಳಗಿರಲಿ.

ಯಾಕೆ ಎಂದರೆ, ಕಿಟಕಿಯೊಳಗೆ ಹುಟ್ಟಿದ ಸಸಿ ಬೆಳಕು ಹುಡುಕಿ ಒಂದೇ ಕಡೆಗೆ ಬಾಗಿ, ಬಿಳಿಚಿಕೊಂಡು ಉದ್ದ ಆಗುತ್ತದೆ. ಅದನ್ನು ಡಿಸೆಂಬರಿನ ಬಿಸಿಲಿಗೆ ತಂದ ದಿನವೇ ಬಾಡುತ್ತದೆ. ಹೊರಗೆ ಹುಟ್ಟಿದ್ದು ಎರಡೆಲೆ ಬಿಡುವ ಹೊತ್ತಿಗೇ ಗಾಳಿ, ಇಬ್ಬನಿ, ಬಿಸಿಲು ಎಲ್ಲ ಕಂಡಿರುತ್ತದೆ. ಗಿಡ್ಡ, ದಪ್ಪ ಕಾಂಡ. ನೆಟ್ಟಲ್ಲಿ ತಲೆಬಗ್ಗಿಸುವುದಿಲ್ಲ. ಚಳಿಯ ಲೆಕ್ಕವನ್ನೂ ಹೇಳುತ್ತೇನೆ. ಮೆಣಸು, ಬದನೆಯ ಬೀಜಕ್ಕೆ ಮಣ್ಣಿನ ಬಿಸಿ 25ರಿಂದ 30 ಡಿಗ್ರಿ ಇದ್ದರೆ ವಾರ ಹತ್ತು ದಿನದಲ್ಲಿ ಮೊಳಕೆ. 20ರ ಹತ್ತಿರ ಇಳಿದರೆ ಎರಡು ವಾರ, ಕೆಲವೊಮ್ಮೆ ಇನ್ನೂ ಮೇಲೆ. 15ರ ಕೆಳಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಮ್ಮಲ್ಲಿ ಬೆಳಗಿನ ಜಾವ ಎಷ್ಟೇ ತಣ್ಣಗಿದ್ದರೂ ಹಗಲು 30 ದಾಟುತ್ತದೆ. ಹೊರಗಿಟ್ಟ ಪಾತ್ರೆಯ ಮಣ್ಣು ದಿನಾ ಬಿಸಿಯಾಗಿಯೇ ರಾತ್ರಿಗೆ ಹೋಗುತ್ತದೆ. ಕಿಟಕಿಯೊಳಗಿನದಕ್ಕೆ ಆ ಬಿಸಿ ಸಿಕ್ಕುವುದಿಲ್ಲ. ಹತ್ತು ದಿನವಾದರೂ ಏನೂ ಕಾಣುವುದಿಲ್ಲ ಎಂದು ಬೆರಳಿನಲ್ಲಿ ಕೆದಕಬೇಡ. ಕೆದಕಿದ ಬೀಜ ಬದುಕುವುದು ಅಪರೂಪ.

ಹೊತ್ತು ನೋಡಿ ಹಾಕಬೇಕು. ದೀಪಾವಳಿಯ ಆಸುಪಾಸಿನಲ್ಲಿ ಸಂಜೆ ಗುಡುಗಿನ ಮಳೆ ಬರುತ್ತದೆ. ಒಂದೇ ಮಳೆಗೆ ಹರಿವೆ ಬೀಜ ಪೂರ್ತಿ ಪಾತ್ರೆಯಿಂದ ಹೊರಗೆ ಹಾರುವುದುಂಟು. ಆಗ ಹಾಕಿದ್ದನ್ನು ಮಾಡಿನ ಇಳಿಬದಿಯ ಒಳಗೆ, ಬೆಳಗಿನ ಬಿಸಿಲು ಮಾತ್ರ ತಾಗುವಲ್ಲಿ ಇಡು. ತುಳುವಿನ ಬೊಂತೆಲ್ ತಿಂಗಳು ಕಳೆದು ಜಾರ್ದೆ ಹಿಡಿದರೆ ಆಕಾಶ ತೊಳೆದಂತಾಗುತ್ತದೆ, ಮೂಡಣದ ಘಟ್ಟದಿಂದ ಗಾಳಿ ಇಳಿಯಲು ಶುರುವಾಗುತ್ತದೆ. ಮೆಣಸು, ಬದನೆ, ಟೊಮೆಟೊಗಳನ್ನು ಸುಬ್ರಹ್ಮಣ್ಯದ ಚಂಪಾಷಷ್ಠಿಯ ಮೊದಲೇ ಮಣ್ಣಿಗೆ ಹಾಕಿಬಿಡು. ಷಷ್ಠಿ ಮುಗಿಸಿ ಹಾಕುತ್ತೇನೆ ಎಂದವರ ಗಿಡ ಹೂ ಬಿಡುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಆ ಸೆಕೆಗೆ ಮೆಣಸು, ಟೊಮೆಟೊಗಳ ಹೂ ಕಾಯಿ ಕಚ್ಚದೆ ಉದುರುತ್ತದೆ. ನಮಗೆ ಚಳಿ ಇರುವುದೇ ಎರಡೂವರೆ ತಿಂಗಳು. ಅದನ್ನು ಹೆದರಿ ಕಳೆಯುವುದಲ್ಲ, ದುಡಿಸಿಕೊಳ್ಳಬೇಕು.

ಇನ್ನು ಜಾಗ. ಒಂದೇ ಊರಿನಲ್ಲಿ ಬೈಲಿನ ಮನೆಯ ಚಳಿ ಬೇರೆ, ಗುಡ್ಡೆಯ ಮನೆಯ ಚಳಿ ಬೇರೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಗುಡ್ಡೆಯಿಂದ ಜಾರಿ ಬೈಲಿಗೆ ಬಂದು ನಿಲ್ಲುತ್ತದೆ. ಮೇಲಾಗಿ ಅಲ್ಲಿ ಅಡಿಕೆ ತೋಟ, ಆಚೆಗೊಂದು ಗುಡ್ಡೆ, ಬಿಸಿಲು ಕಾಣುವಾಗ ಗಂಟೆ ಒಂಬತ್ತು. ಕೊಲ್ಲಮೊಗ್ರು, ಸುಬ್ರಹ್ಮಣ್ಯ, ಶಿರಾಡಿಯ ಬುಡದ ಮನೆಗಳಿಗೆ ಪುತ್ತೂರು ಪೇಟೆಯ ಲೆಕ್ಕ ಹಿಡಿಯುವುದಿಲ್ಲ. ನಿನ್ನ ಮನೆ ಬೈಲಿನಲ್ಲಿ. ಹಾಗಾಗಿ ಪಾತ್ರೆಗಳನ್ನು ಅಂಗಳದ ಮೂಲೆಯಲ್ಲಿಡದೆ ಟೆರೇಸಿಗೆ ಏರಿಸು. ಹಗಲಿಡೀ ಕಾದ ಸಿಮೆಂಟು ರಾತ್ರಿ ಬಹಳ ಹೊತ್ತು ಬಿಸಿ ಬಿಡುತ್ತಾ ಇರುತ್ತದೆ. ಟೆರೇಸು ಇಲ್ಲದವರಿಗೆ ಕೆಂಪುಕಲ್ಲಿನ ಗೋಡೆಯ ಬುಡವೂ ಆಗುತ್ತದೆ. ಮೊಳಕೆ ಬರುವ ತನಕ ದಿನಪೂರ್ತಿ ಬಿಸಿಲು ಬೀಳುವ ಜಾಗ, ಮೊಳಕೆ ಬಂದ ಮೇಲೆ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮೂಡುಬದಿ. ಇದನ್ನು ಮರೆಯಬೇಡ. ಪಾತ್ರೆಯ ದೊಡ್ಡ ಉಪಕಾರವೇ ಇದು, ಎತ್ತಿ ಬೇಕಾದಲ್ಲಿ ಇಡಬಹುದು.

ಟೆರೇಸಿನಲ್ಲಿ ಅಡಿಕೆ ಹರಡಿದ್ದಾರೆ, ಅಂಗಳದಲ್ಲೂ ಹರಡಿದ್ದಾರೆ, ಜಾಗ ಎಲ್ಲಿ ಎಂದು ಕೇಳುತ್ತೀ. ನವೆಂಬರಿನಿಂದ ಬಿಸಿಲು ಬೀಳುವ ಒಂದೊಂದು ಅಡಿ ಜಾಗವೂ ಅಡಿಕೆಯದ್ದೇ ಆಗುವುದು ನಮ್ಮಲ್ಲಿ ಎಲ್ಲ ಮನೆಯ ಕಥೆ. ನಿನ್ನ ಮಾವನ ಹತ್ತಿರ ಟೆರೇಸಿನ ಪ್ಯಾರಪೆಟ್ ಗೋಡೆಯ ಉದ್ದಕ್ಕೆ ಒಂದು ಗೇಣು ಜಾಗ ಕೇಳು, ಸಾಕು. ಮೂವತ್ತು ನಲವತ್ತು ಸಣ್ಣ ಪಾತ್ರೆ ಅಲ್ಲೇ ಹಿಡಿಯುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೀಟಿನ ಸೋಲಾರ್ ಗೂಡಿನೊಳಗೆ ಮಾತ್ರ ಹಗಲು ಇಡಬೇಡ. ನೋಡಲು ಅದು ವೀಡಿಯೊದ ಹಸಿರುಮನೆ ಹಾಗೇ ಇರುತ್ತದೆ. ಆದರೆ ಅದನ್ನು ಕಟ್ಟಿದ್ದು ಒಣಗಿಸಲಿಕ್ಕೆ. ಮಧ್ಯಾಹ್ನ ಅದರೊಳಗೆ ಮನುಷ್ಯರೇ ನಿಲ್ಲಲಾಗದ ಬಿಸಿ. ಕಡಬ, ಶಿರಾಡಿಯ ಕಡೆಯ ತೀರಾ ತಣ್ಣಗಿನ ರಾತ್ರಿಗಳಲ್ಲಿ ಸಂಜೆ ಒಳಗಿಟ್ಟು ಬೆಳಿಗ್ಗೆ ಎಂಟಕ್ಕೆ ಹೊರಗೆ ತೆಗೆಯುವುದಾದರೆ ಆದೀತು. ಅದಕ್ಕಿಂತ ಸುಲಭ, ದೊಡ್ಡ ಪ್ಲಾಸ್ಟಿಕ್ ಕುಪ್ಪಿಯ ಮೇಲಿನ ಅರ್ಧ ಕೊಯ್ದು, ಬಿರಡೆ ತೆಗೆದು, ರಾತ್ರಿ ಪಾತ್ರೆಗೆ ಕವುಚಿ ಹಾಕುವುದು. ಬಿಸಿಲು ತಾಗುವ ಹೊತ್ತಿಗೆ ಅದನ್ನು ತೆಗೆಯಲೇಬೇಕು.

ಪಾತ್ರೆಗೆ ಹಣ ಹಾಕಬೇಡ. ನಮ್ಮ ಮನೆಗಳಲ್ಲಿ ಅಡಿಕೆ ಹಾಳೆಗೆ ಬಡತನವಿಲ್ಲ. ಒಣಹಾಳೆಯನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಡು, ಬೆಳಿಗ್ಗೆ ಮೆತ್ತಗಾಗಿರುತ್ತದೆ. ಎರಡೂ ತುದಿಗಳನ್ನು ಒಳಗೆ ಮಡಚಿ ಮಡಲಿನ ಕಡ್ಡಿ ಚುಚ್ಚಿದರೆ ಪಡಿಗೆಯಾಯಿತು. ಅಡಿಗೆ ಮೊಳೆಯಿಂದ ಐದಾರು ತೂತು. ಹೊರಗಿನ ಬಿಸಿಲಿಬ್ಬನಿಗೆ ಅದು ಎರಡು ಮೂರು ತಿಂಗಳು ಬಾಳುತ್ತದೆ, ಸಸಿಗೆ ಅಷ್ಟು ಆಯುಷ್ಯ ಧಾರಾಳ. ಹರಿವೆಯಂಥ ಒಟ್ಟಿಗೆ ಬಿತ್ತುವ ಬೀಜಕ್ಕೆ, ಬದನೆ ಮೆಣಸಿನ ಮೊದಲ ಮಡಿಗೆ ಹಾಳೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ ಉಸಿರಾಡುತ್ತದೆ, ಪ್ಲಾಸ್ಟಿಕ್ಕಿನಂತೆ ಬೇರನ್ನು ಬೇಯಿಸುವುದಿಲ್ಲ. ಒಂಟಿ ಬೀಜಕ್ಕೆ ತೆಂಗಿನ ಗೆರಟೆ. ಕಣ್ಣಿರುವ ಅರ್ಧವನ್ನೇ ಆರಿಸು. ಮೂರು ಕಣ್ಣಿನಲ್ಲಿ ಒಂದು ಮೆದು ಇರುತ್ತದೆ, ಕಡ್ಡಿಯಲ್ಲಿ ಚುಚ್ಚಿದರೆ ನೀರು ಬಸಿಯುವ ದಾರಿ ತಯಾರು. ಹಾಲಿನ ಖಾಲಿ ತೊಟ್ಟೆಯೂ ಆಗುತ್ತದೆ, ತೊಳೆದು ಕೆಳಗಿನ ಎರಡು ಮೂಲೆ ಕತ್ತರಿಸು. ತೂತಿಲ್ಲದ ಚಂದದ ಚಟ್ಟಿಯನ್ನು ಮಾತ್ರ ಯಾರು ಕೊಟ್ಟರೂ ಬೇಡ ಎನ್ನು.

ಮಣ್ಣಿನ ವಿಷಯದಲ್ಲಿ ಅವಸರ ಬೇಡ, ಇದರ ಮೇಲೆ ಎಲ್ಲ ನಿಂತಿದೆ. ನಮ್ಮ ಮುರಮಣ್ಣು ಹುಳಿ, ನೀರು ಬಿದ್ದರೆ ಅಂಟು, ಒಣಗಿದರೆ ಕಲ್ಲು. ಹಾಗೆಂದು ತೋಟದ ಅಡಿಕೆ ಬುಡದ ಕಪ್ಪು ಮಣ್ಣನ್ನು ಕೆರೆದು ತರಬೇಡ. ಕೊಳೆರೋಗಕ್ಕೆಂದು ವರ್ಷವರ್ಷ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತು ಅಲ್ಲಿ ಇಳಿದಿರುತ್ತದೆ, ಎಳೆ ಬೇರಿಗೆ ಅದು ಹಿತವಲ್ಲ. ಹಿಂದಿನವರು ಸುಡುಮಣ್ಣು ಮಾಡುತ್ತಿದ್ದರು. ಒಣ ಕಡ್ಡಿ, ತರಗೆಲೆ, ಅದರ ಮೇಲೆ ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು. ಬೆಂಕಿ ಉರಿಯದೆ ಒಳಗೊಳಗೇ ಹೊಗೆಯಾಡುತ್ತಾ ಎರಡು ಮೂರು ದಿನ ಬೇಯಬೇಕು. ಕಳೆಬೀಜ, ಹುಳದ ಮೊಟ್ಟೆ, ಕೊಳೆಸುವ ಶಿಲೀಂಧ್ರ ಎಲ್ಲ ಹೋಗಿ ಅಂಟುಮಣ್ಣು ಹುಡಿಹುಡಿಯಾಗಿ ಉದುರುತ್ತದೆ, ಬೂದಿಯ ಪೊಟ್ಯಾಶ್ ಬೇರೆ ಸೇರುತ್ತದೆ. ಚಳಿಗಾಲದ ಮಡಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಯಾಕೆಂದರೆ ಮಣ್ಣು ತಣ್ಣಗೆ ಒದ್ದೆಯಾಗಿ ನಿಂತಾಗಲೇ ಸಸಿಯ ಬುಡ ಕೊಳೆತು ರಾತ್ರೋರಾತ್ರಿ ಮಲಗುವುದು. ಸುಡುಮಣ್ಣು ಎರಡು ಪಾಲು, ಜರಡಿ ಹಿಡಿದ ಹಳೆಯ ಹಟ್ಟಿಗೊಬ್ಬರ ಒಂದು ಪಾಲು, ಹೊಯಿಗೆ ಒಂದು ಪಾಲು. ಹೊಯಿಗೆ ಸಿಕ್ಕದಿದ್ದರೆ ತೊಳೆದ ತೆಂಗಿನ ನಾರಿನ ಹುಡಿ, ಇಲ್ಲವೇ ತೋಟದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದು ಕಪ್ಪಾದ ಅಡಿಕೆಸಿಪ್ಪೆ. ಹೊಸ ಸಿಪ್ಪೆ ಬೇಡ. ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ ಒಂದು ವಾರ ನೆರಳಿನಲ್ಲಿಟ್ಟು ಮತ್ತೆ ಬಳಸಿದರೆ ಇನ್ನೂ ಧೈರ್ಯ.

ಬೀಜವನ್ನು ಅದರ ದಪ್ಪದ ಎರಡು ಮೂರು ಪಾಲಿಗಿಂತ ಆಳಕ್ಕೆ ಇಳಿಸಬೇಡ. ಹರಿವೆಗೆ ಅಷ್ಟೂ ಬೇಡ, ಹೊಯಿಗೆಯಲ್ಲಿ ಬೆರೆಸಿ ಬಿತ್ತಿ ಅಂಗೈಯಲ್ಲಿ ಒತ್ತಿದರೆ ಆಯಿತು. ಸುತ್ತ ಸ್ವಲ್ಪ ಅಕ್ಕಿಹುಡಿ ಉದುರಿಸು, ಇರುವೆ ಅದರ ಹಿಂದೆ ಹೋಗುತ್ತದೆ. ಮೆಣಸಿನ ಬೀಜ ಎಲ್ಲಕ್ಕಿಂತ ಸೋಮಾರಿ. ಅದನ್ನು ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ನೆನೆಸಿ, ಆಮೇಲೆ ಎರಡು ಮೂರು ದಿನ ಬಚ್ಚಲ ಒಲೆಯ ಹತ್ತಿರ, ಕೈಗೆ ಬೆಚ್ಚಗೆ ತಾಗುವಷ್ಟು ದೂರದಲ್ಲಿ ತೂಗುಹಾಕು. ಬಿಳಿ ತುದಿ ಕಂಡ ಕೂಡಲೇ ಹೊರಗಿನ ಪಡಿಗೆಗೆ. ಬೀಜಕ್ಕೆ ಮನೆಯೊಳಗಿನ ಬಿಸಿ ಬೇಕಾಗುವುದು ಅಷ್ಟೇ ದಿನ. ಬೆಂಡೆಯ ಸಿಪ್ಪೆ ಗಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸು. ಕರಾವಳಿಯ ಹಾಲುಬೆಂಡೆ ಸಿಕ್ಕಿದರೆ ಬೇರೆಯದನ್ನು ಹುಡುಕಬೇಡ, ಸಾಂಬಾರಿಗೆ ಅದರ ರುಚಿಯೇ ಬೇರೆ. ಬೆಂಡೆ, ಅಲಸಂಡೆ, ಸೌತೆಗಳಿಗೆ ಬೇರು ಕದಲಿದರೆ ಸಿಟ್ಟು ಬರುತ್ತದೆ, ಅವನ್ನು ಬೆಳೆಯುವ ಗ್ರೋ ಬ್ಯಾಗಿಗೇ ನೇರ ಹಾಕು, ಅಥವಾ ಗೆರಟೆಯಲ್ಲಿ ಎಬ್ಬಿಸಿ ಮಣ್ಣಿನ ಗಟ್ಟಿ ಒಡೆಯದಂತೆ ಜಾರಿಸು. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತದೆ, ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡಾಗಿ ಮಾಡು. ಮೂಲಂಗಿ, ನವಿಲುಕೋಸು, ಎಲೆಕೋಸು ನಮ್ಮ ಚಳಿಯಲ್ಲಿ ಬರುತ್ತವೆ, ಅವು ತಂಪಿನಲ್ಲೂ ವಾರದೊಳಗೆ ಮೊಳೆಯುವ ಧೈರ್ಯದ ಬೀಜಗಳು. ಕ್ಯಾರೆಟ್ಟಿಗೆ ಮಾತ್ರ ಪಾತ್ರೆ ದಂಡ ಮಾಡಬೇಡ, ನಮ್ಮ ಹಗಲು ಅದಕ್ಕೆ ಬಿಸಿ.

ಬದನೆ, ಟೊಮೆಟೊಗಳಿಗೆ ನಮ್ಮ ಹುಳಿಮಣ್ಣಿನಲ್ಲಿ ಸೊರಗುರೋಗ ದೊಡ್ಡ ಶತ್ರು. ಹಸಿರು ಹಸಿರಾಗಿರುವಾಗಲೇ ಗಿಡ ಒಂದೇ ದಿನದಲ್ಲಿ ತಲೆ ಬಾಗಿಸುತ್ತದೆ. ಅನುಮಾನವಿದ್ದರೆ ಕಾಂಡ ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡು. ಕೊಯ್ದ ಬಾಯಿಯಿಂದ ಹಾಲಿನ ಎಳೆಯಂತೆ ಬಿಳಿದ್ರವ ಇಳಿದರೆ ಅದೇ ರೋಗ, ಆ ಮಣ್ಣಿಗೆ ಆ ಕುಲದ ಗಿಡವನ್ನು ಮತ್ತೆ ಹಾಕಬೇಡ. ಟೊಮೆಟೊದಲ್ಲಿ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗವನ್ನು ತಡೆಯುವ ತಳಿ. ಬದನೆಯಲ್ಲಿ ನನಗೆ ಉಡುಪಿಯ ಮಟ್ಟುಗುಳ್ಳವೇ ಪ್ರಾಣ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಊರೂರಿಗೆ ಹೆಸರಾಯಿತು. ಆದರೆ ಆ ಗದ್ದೆಯ ಮಣ್ಣಿನ ರುಚಿ ಸುಳ್ಯದ ಗ್ರೋ ಬ್ಯಾಗಿನಲ್ಲಿ ಬಂದೀತೆಂದು ಆಸೆಪಡಬೇಡ, ಗಿಡ ಬಂದರೆ ಸಂತೋಷಪಡು.

ನೀರು ಬೆಳಿಗ್ಗೆ, ಪಾತ್ರೆಗೆ ಬಿಸಿಲು ತಾಗಿದ ಮೇಲೆ. ಸಂಜೆ ಬೇಡವೇ ಬೇಡ. ಸಂಜೆ ಹೊಯ್ದ ನೀರಿಗೆ ರಾತ್ರಿಯ ಇಬ್ಬನಿ ಸೇರಿ ಮಣ್ಣು ಬೆಳಗಿನವರೆಗೆ ತಣ್ಣಗೆ ನೆನೆದೇ ಇರುತ್ತದೆ, ಬುಡಕೊಳೆಗೆ ಅದೇ ಆಹ್ವಾನ. ಎತ್ತಿ ತೂಕ ನೋಡು, ಹಗುರವಾಗಿದ್ದರೆ ಮಾತ್ರ ಹೊಯ್ಯಿ. ಸಣ್ಣ ಬೀಜದ ಪಡಿಗೆಯನ್ನು ಅಗಲ ಬಾಣಲೆಯ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿದರೆ ಕೆಳಗಿನಿಂದಲೇ ಕುಡಿಯುತ್ತದೆ, ಬೀಜ ಕದಲುವುದಿಲ್ಲ. ಹತ್ತು ಗಂಟೆಯ ಮೇಲೆ ಘಟ್ಟದ ಒಣಗಾಳಿ ಬೀಸುವ ದಿನಗಳಲ್ಲಿ ತುಟಿ ಒಡೆಯುತ್ತದಲ್ಲ, ಆಗ ಮೇಲುಮಣ್ಣೂ ಒಡೆಯುತ್ತದೆ. ಅಂಥ ದಿನ ಅಡಿಕೆ ಸೋಗೆಯ ತುಂಡೊಂದನ್ನು ಮೇಲೆ ಓರೆಯಾಗಿ ಇಡು. ಇಬ್ಬನಿಯಿಂದಲೂ ಪ್ರಯೋಜನ ಉಂಟು. ಅಲಸಂಡೆಯ ಕುಡಿಗೆ ಕಪ್ಪುಹೇನು ಹತ್ತಿದರೆ ಬೆಳಿಗ್ಗೆ ಎಲೆ ಒದ್ದೆಯಿರುವಾಗ ಒಲೆಯ ಬೂದಿಯನ್ನು ತೆಳ್ಳಗೆ ಎರಚು, ಅಂಟಿ ನಿಲ್ಲುತ್ತದೆ.

ಕೋಳಿ, ಅಳಿಲು ಮೊದಲಿನಿಂದಲೂ ಇದ್ದವೇ. ಈಗ ನವಿಲು ಬಂದಿದೆ. ಮೊಳಕೆಯ ತಲೆಯನ್ನೇ ಆರಿಸಿ ಚಿವುಟುತ್ತದೆ. ಬೆಳಗಾಗುವ ಮೊದಲೇ ಬರುವುದರಿಂದ ನೀನು ಎದ್ದು ಓಡಿಸುವೆ ಎಂದು ನಂಬಬೇಡ. ಹಳೆಯ ಮೀನುಬಲೆ, ಇಲ್ಲವೇ ನೆರಳುಬಲೆಯ ತುಂಡನ್ನು ನಾಲ್ಕು ಕೋಲಿನ ಮೇಲೆ ಎತ್ತರಕ್ಕೆ ಕಟ್ಟು, ಸಸಿಗೆ ತಾಗಬಾರದು.

ಇಷ್ಟೆಲ್ಲ ಪೇಚಾಟ ಯಾಕೆ, ಸಂತೆಯಲ್ಲಿ ಸಿಗುತ್ತದಲ್ಲ ಎಂದು ಯಾರಾದರೂ ಹೇಳಿಯಾರು. ನಮ್ಮ ಕಾಲದಲ್ಲಿ ಏಣೆಲು ಭತ್ತ ಕೊಯ್ದ ಗದ್ದೆಯಲ್ಲೇ ನೆಟ್ಟಿಕಾಯಿ ಆಗುತ್ತಿತ್ತು. ಸೌತೆ, ಕುಂಬಳ, ಬೆಂಡೆ, ಅಲಸಂಡೆ, ಹರಿವೆ ಎಲ್ಲ ಗದ್ದೆಯ ತೇವದಲ್ಲೇ. ಕುಯಿಲು ಮುಗಿದು ಮಳೆ ಹಿಡಿಯುವವರೆಗೆ ಪೇಟೆಯ ತರಕಾರಿ ಮನೆಗೆ ಬರುತ್ತಿರಲಿಲ್ಲ. ಸೌತೆಕಾಯಿಗಳನ್ನು ಬಾಳೆಹಗ್ಗದಲ್ಲಿ ಕಟ್ಟಿ ಅಟ್ಟದ ಪಕ್ಕಾಸಿಗೆ ತೂಗಿಸಿದರೆ ಆಟಿ ತಿಂಗಳವರೆಗೂ ಸಾಂಬಾರಿಗೆ ಸಾಕಾಗುತ್ತಿತ್ತು. ಆಮೇಲೆ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟವಾದವು. ಅದರಲ್ಲಿ ತಪ್ಪು ಹುಡುಕುವುದಿಲ್ಲ, ಮಕ್ಕಳ ಓದು, ಮನೆಯ ಮಾಡು ಎಲ್ಲ ಆದದ್ದು ಅಡಿಕೆಯಿಂದ. ಆದರೆ ಗದ್ದೆಯೊಡನೆ ತರಕಾರಿಯೂ ಹೋಯಿತು ಎಂಬುದನ್ನು ನಾವು ಬಹಳ ದಿನ ಗಮನಿಸಲೇ ಇಲ್ಲ. ಇವತ್ತು ಸುಳ್ಯದ ಅಂಗಡಿಯ ಬೆಂಡೆಕಾಯಿಯೂ ಹೆಚ್ಚಾಗಿ ಘಟ್ಟ ಇಳಿದೇ ಬರಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡೆ ಜರಿದು ಸಂಪಾಜೆಯ ಘಾಟಿರಸ್ತೆ ಮುಚ್ಚಿದಾಗ ಈ ದಾರಿ ಎಷ್ಟು ಸಪೂರ ಎಂದು ಎಲ್ಲರೂ ಕಂಡರು. ಹೋದ ಗದ್ದೆ ವಾಪಸು ಬರುವುದಿಲ್ಲ. ಆದರೆ ಗದ್ದೆ ಕೊಡುತ್ತಿದ್ದ ಚಳಿಗಾಲದ ಬೆಳೆಯನ್ನು ಹಾಳೆಯಲ್ಲಿ, ಗೆರಟೆಯಲ್ಲಿ ಎಬ್ಬಿಸಿ ಟೆರೇಸಿನ ಅಂಚಿನಲ್ಲಿ ಬೆಳೆಸಲು ಎಕರೆ ಬೇಡ. ಮದುವೆಯಾಗಿ ಬಂದ ವರ್ಷವೇ ನೀನು ಬೀಜ ಹಿಡಿದು ಕೂತಿದ್ದೀ ಎಂದು ಕೇಳಿ ನನಗಾದ ಸಂತೋಷ ಅದಕ್ಕೇ.

ಟೊಮೆಟೊ, ಎಲೆಕೋಸಿನ ಸಸಿಗಳನ್ನು ಇಪ್ಪತ್ತೈದು ಮೂವತ್ತು ದಿನಕ್ಕೆ ಎತ್ತಿ ನೆಡು, ಬದನೆಗೆ ಇನ್ನೊಂದು ವಾರ, ಮೆಣಸಿಗೆ ಒಂದೂವರೆ ತಿಂಗಳಾದರೂ ಅಡ್ಡಿಯಿಲ್ಲ. ಸಂಜೆ ಹೊತ್ತು ನೆಡು. ಆವತ್ತು ಒಂದು ದಿನ ಮಾತ್ರ ಸಂಜೆ ನೀರು ಕೊಡಬಹುದು. ಪುಯಿಂತೆಲ್ ತಿಂಗಳ ಕೊನೆಗೆ ಕೆಡ್ಡಸ ಹಬ್ಬ ಬರುತ್ತದೆ, ಆ ದಿನಗಳಲ್ಲಿ ಭೂಮಿಗೆ ಕತ್ತಿ ಹಾರೆ ತಾಗಿಸುವ ಕ್ರಮವಿಲ್ಲ, ನೆಡುವ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿದಿರಲಿ. ಕೆಡ್ಡಸ ಕಳೆದ ಮೇಲೆ ಬಿಸಿಲಿನ ಗುಣವೇ ಬದಲಾಗುತ್ತದೆ, ಆಗ ನೆಟ್ಟದ್ದಕ್ಕೆ ಎರಡು ಪಾಲು ಉಪಚಾರ ಬೇಕು. ಮತ್ತೆ ಒಂದು, ಪ್ರತಿ ಜಾತಿಯಲ್ಲೂ ಎಲ್ಲಕ್ಕಿಂತ ಚಂದದ ಒಂದು ಗಿಡಕ್ಕೆ ನೂಲು ಕಟ್ಟಿ ಗುರುತು ಮಾಡು. ಅದರ ಮೊದಲ ಕಾಯಿಗಳನ್ನು ಕೊಯ್ಯದೆ ಬೀಜಕ್ಕೆ ಬಿಡು. ಸಾಂಬಾರಿಗೆ ಕಡಿಮೆಯಾದರೆ ಆಗಲಿ. ಅಂಗಡಿಯ ಹೈಬ್ರಿಡ್ ಪ್ಯಾಕೆಟಿನ ಗಿಡದಿಂದ ಬೀಜ ಹಿಡಿದರೆ ಮುಂದಿನ ವರ್ಷ ಹತ್ತು ಬಗೆಯ ಗಿಡ ಬರುತ್ತದೆ, ಆದ್ದರಿಂದ ಇದನ್ನು ಊರತಳಿಗಳಲ್ಲೇ ಮಾಡು.

ಹಾಲುಬೆಂಡೆ, ಕೆಂಪು ಹರಿವೆ, ಉದ್ದ ಅಲಸಂಡೆ, ಮೂರರ ಬೀಜವನ್ನೂ ಬೂದಿ ಬೆರೆಸಿ ಕುಪ್ಪಿಗೆ ಹಾಕಿ ನಿನಗೆಂದು ತೆಗೆದಿಟ್ಟಿದ್ದೇನೆ. ಬೆಂಡೆಯದ್ದನ್ನು ಹತ್ತು ಕಾಳು ಒದ್ದೆಬಟ್ಟೆಯಲ್ಲಿಟ್ಟು ನೋಡಿದ್ದೇನೆ, ಎಂಟು ಮೊಳೆತಿದೆ. ಷಷ್ಠಿಗೆ ಇನ್ನೂ ದಿನ ಉಂಟು, ಅಷ್ಟರೊಳಗೆ ಪುತ್ತೂರಿಗೆ ಬರುವವರ ಹತ್ತಿರ ಹೇಳಿಕಳುಹಿಸು, ಕೊಟ್ಟುಬಿಡುತ್ತೇನೆ.